ನಾಲ್ಕು ನೀರು ಕಂಡ ಕಂಬಳಿ

ಸೋಪಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಹಾಜರಿ ಪುಸ್ತಕದೊಳಗೆ ಸುಖವಾಗಿ ಮಲಗಿತ್ತು, ಅದನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಅನಾಥ ಆನೆಮರಿಗಳನ್ನು ಸಾಕುವ ಆ ಜಾಗಕ್ಕೆ ಬಟ್ಟೆ ಒಗೆಯುವ ಕೆಲಸಕ್ಕೆಂದು ಬಂದ ಮೊದಲ ದಿನ ಅವಳು ಒಗೆಯುವ ಮನೆಯ ಗೋಡೆ ತೊಳೆದಳು. ಎರಡನೆಯ ದಿನ ಒಗೆಯುವ ಕಲ್ಲನ್ನೇ ಒಗೆದಳು. ಮೂರನೆಯ ದಿನ ಸೋಪಿಡುವ ಡಬ್ಬಿಗೆ ಸೋಪು ಹಚ್ಚಿ ತಿಕ್ಕುತ್ತಾ ಕೂತಿದ್ದಾಗ ಯಾರೋ ಕಂಡು ನಕ್ಕರು. ಅವತ್ತಿನಿಂದ ಅವಳು ಎಲ್ಲರಿಗೂ ಸೋಪಕ್ಕ. ಹದಿನಾಲ್ಕು ವರ್ಷವಾದ ಮೇಲೆ ಮನೆಯಲ್ಲಿ ಅತ್ತೆಯೂ ಹಾಗೇ ಕರೆಯತೊಡಗಿದರು.

"ನನ್ನ ಸೊಸೆ ಕೈಗೆ ಸಿಕ್ರೆ ಕಾಗೇನೂ ಕೊಕ್ಕರೆ ಆಗುತ್ತೆ," ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ಹೇಳಿಕೊಳ್ಳುತ್ತಿದ್ದರು. ಅದು ಹೊಗಳಿಕೆಯೋ ದೂರೋ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಂಡ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಗ್ರೀಸು ಮೆತ್ತಿದ ಬಟ್ಟೆಯನ್ನು ಹಿತ್ತಿಲ ಬಾಗಿಲಲ್ಲೇ ಕಳಚಿ, ಟವೆಲು ಸುತ್ತಿಕೊಂಡು, ಕಳ್ಳನ ಹಾಗೆ ತನ್ನ ಮನೆಗೆ ತಾನು ನುಗ್ಗಬೇಕಿತ್ತು. ಇಪ್ಪತ್ತು ವರ್ಷ ಅವನು ಗೊಣಗಿದ, ಆಮೇಲೆ ಗೊಣಗುವುದೂ ಬೇಸರವಾಗಿ ಬಿಟ್ಟುಬಿಟ್ಟ.

ಈ ಚಾಳಿ ಅವಳಿಗೆ ಹತ್ತಿದ್ದು ಇದಕ್ಕೂ ಮೊದಲು ಕೆಲಸ ಮಾಡಿದ್ದ ಆಸ್ಪತ್ರೆಯಲ್ಲಿ. ಅಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆಯುವವಳಾಗಿದ್ದಳು. ಅಲ್ಲಿನ ದೊಡ್ಡ ನರ್ಸಮ್ಮ ಅವಳ ಕಿವಿ ಹಿಂಡಿ ಹೇಳಿಕೊಟ್ಟಿದ್ದು ಒಂದೇ ಪಾಠ: "ಕಣ್ಣಿಗೆ ಕಾಣೋದು ಕೊಳೆ, ಕಾಣದೇ ಇರೋದು ರೋಗ. ಕಾಣೋದನ್ನ ಯಾರು ಬೇಕಾದ್ರೂ ಒಗೀತಾರೆ. ನೀನು ಕಾಣದೇ ಇರೋದನ್ನ ಒಗಿ." ಅದಕ್ಕೆ ನಾಲ್ಕು ನೀರು. ಮಣ್ಣು ಬಿಡಿಸಲು ತಣ್ಣೀರು, ಸೋಪು ಹಾಕಿ ಕುದಿನೀರು, ನೊರೆ ಹೋಗಲು ತಿಳಿನೀರು, ಕೊನೆಗೆ ಔಷಧಿ ಬೆರೆಸಿದ ನೀರು. ಮೂರು ನೀರಿಗೆ ಮುಗಿಸಿದ ಬಟ್ಟೆ ಸೋಪಕ್ಕನ ಲೆಕ್ಕದಲ್ಲಿ ಒಗೆದದ್ದೇ ಅಲ್ಲ. ಹೀಗಾಗಿ, ಕೊಳೆಯಾದದ್ದೊಂದು ಕಣ್ಣಿಗೆ ಬಿದ್ದರೆ "ಇದನ್ನ ಒಗೀಲಾ?" ಎಂದು ಅವಳು ಜನ್ಮದಲ್ಲಿ ಯಾರನ್ನೂ ಕೇಳಿದವಳಲ್ಲ. ಹಸಿದವನನ್ನು ಉಣ್ಣುತ್ತೀಯಾ ಎಂದು ಯಾರಾದರೂ ಕೇಳುತ್ತಾರೆಯೇ?

ಆನೆಮರಿಗಳಿಗೆ ಎಂಥ ಬಟ್ಟೆ ಎಂದು ನೀವು ಕೇಳಬಹುದು. ಆ ಮರಿಗಳಿಗೆ ಇರುವಷ್ಟು ಬಟ್ಟೆ ನಮ್ಮ ನಿಮ್ಮ ಮಕ್ಕಳಿಗೂ ಇರಲಿಕ್ಕಿಲ್ಲ. ತಾಯಿಯಿದ್ದರೆ ಅದರ ಹೊಟ್ಟೆಯ ಕೆಳಗೇ ಬಿಸಿಲು, ಗಾಳಿ, ಚಳಿ ಎಲ್ಲವನ್ನೂ ತಪ್ಪಿಸಿಕೊಂಡು ಬೆಳೆಯುವ ಜೀವ ಅದು. ತಾಯಿಯಿಲ್ಲದಿದ್ದರೆ ಬೆನ್ನಿಗೊಂದು ಕಂಬಳಿ ಕಟ್ಟಬೇಕು. ಇನ್ನೊಂದು ಕಂಬಳಿ ಇನ್ನೂ ಮುಖ್ಯ. ಪ್ರತಿ ಮರಿಯ ಕೊಟ್ಟಿಗೆಯಲ್ಲೂ ಎರಡು ಕಂಬಗಳ ನಡುವೆ ಹಗ್ಗ ಬಿಗಿದು ಆ ಕಂಬಳಿಯನ್ನು ಪರದೆಯ ಹಾಗೆ ಇಳಿಬಿಟ್ಟಿರುತ್ತಾರೆ. ನೋಡಿಕೊಳ್ಳುವವನು ಅದರ ಹಿಂದೆ ಕೂತು ಹಾಲಿನ ಬಾಟಲಿಯನ್ನು ಅಂಚಿನ ಕೆಳಗಿನಿಂದ ಚಾಚುತ್ತಾನೆ. ಮರಿ ಸೊಂಡಿಲನ್ನು ಮೇಲೆತ್ತಿ ಕಂಬಳಿಗೆ ಒತ್ತಿ, ಹಣೆಯನ್ನೂ ಆನಿಸಿ, ಕಣ್ಣು ಮುಚ್ಚಿ ಕುಡಿಯುತ್ತದೆ. ಅದರ ಪಾಲಿಗೆ ಅದು ಕಂಬಳಿಯಲ್ಲ, ಅಮ್ಮನ ಹೊಟ್ಟೆ. ಮೂರು ಗಂಟೆಗೊಮ್ಮೆ ಹಾಲು. ಹಾಲಾದ ಮೇಲೆ ಆ ಕಂಬಳಿಯ ಸ್ಥಿತಿ ಹೇಳತೀರದು: ಜೊಲ್ಲು, ಹಾಲು, ಮಣ್ಣು, ಲದ್ದಿ. ಹದಿಮೂರು ಮರಿಗಳು, ಮರಿಗೆ ಮೂರು ಜೊತೆ. ಒಂದರದು ಇನ್ನೊಂದಕ್ಕೆ ಹೋಗದ ಹಾಗೆ ಸೋಪಕ್ಕ ಪ್ರತಿ ಕಂಬಳಿಯ ಮೂಲೆಯಲ್ಲೂ ಕೆಂಪು ದಾರದಲ್ಲಿ ಅಂಕಿ ಹೊಲಿದಿದ್ದಳು.

ಹದಿಮೂರನೆಯದೇ ಗಿಡ್ಡಿ. ಹುಟ್ಟಿ ಒಂದು ತಿಂಗಳೂ ಆಗಿರದ ಹೆಣ್ಣುಮರಿ. ಹಿಂಡು ದಾಟಿ ಹೋದ ಮೇಲೆ ಹೊಳೆಯ ಕೆಸರಿನಲ್ಲಿ ಸಿಕ್ಕಿಕೊಂಡಿದ್ದದ್ದನ್ನು ಯಾರೋ ಕಂಡು ಮೇಲೆತ್ತಿದ್ದರು. ಮರಳು ಸಾಗಿಸುವ ಲಾರಿಯೊಂದು ಆ ದಾರಿಯಲ್ಲಿ ಬಂದದ್ದು ಪುಣ್ಯ. ಲಾರಿಯವನು ಮರಿಯನ್ನು ಹಿಂದೆ ಮಲಗಿಸಿ, ತಾನು ಹೊದೆಯುತ್ತಿದ್ದ ಕಂದು ಕಂಬಳಿಯನ್ನೇ ಅದಕ್ಕೆ ಹೊದಿಸಿ, ಆರು ಗಂಟೆ ದಾರಿ ತಂದು ಇಳಿಸಿದ. ಇಳಿಸಿದ ಮೇಲೆ ಮರಿ ಎರಡು ದಿನ ಹಾಲು ಮುಟ್ಟಲಿಲ್ಲ. ಇಲ್ಲಿಯ ಬೂದು ಕಂಬಳಿಗಳನ್ನು ಒಂದೊಂದಾಗಿ ಕಟ್ಟಿ ನೋಡಿದರು, ಅದು ಮುಖ ತಿರುಗಿಸಿತು. ಕೊನೆಗೆ ಯಾರಿಗೋ ಹೊಳೆದು ಆ ಲಾರಿಯವನ ಕಂಬಳಿಯನ್ನೇ ಹಗ್ಗಕ್ಕೆ ಹಾಕಿದರೆ, ಗಿಡ್ಡಿ ಹೋಗಿ ಸೊಂಡಿಲು ಒತ್ತಿ ನಿಂತು ಒಂದೇ ಉಸಿರಿಗೆ ಬಾಟಲಿ ಖಾಲಿ ಮಾಡಿತು.

ಮರಿಗಳನ್ನು ನೋಡಿಕೊಳ್ಳುವವರಿಗೆಲ್ಲ ಹಿರಿಯನು ಸಿಳ್ಳೆಯಣ್ಣ. ಅವನು ಒಂದು ಸಿಳ್ಳೆ ಹೊಡೆದರೆ ಮರಿಗಳೆಲ್ಲ ಎಲ್ಲಿದ್ದರೂ ಕಿವಿ ಬಡಿಯುತ್ತಾ ಓಡಿಬರುತ್ತಿದ್ದವು. ಅಲ್ಲೊಂದು ಕಟ್ಟುನಿಟ್ಟು ಇತ್ತು: ಯಾವ ಮರಿಗೂ ಒಬ್ಬನೇ ದಿನವೂ ಹಾಲು ಕುಡಿಸಬಾರದು. ಮರಿ ಒಬ್ಬನಿಗೇ ಅಂಟಿಕೊಂಡರೆ ಅವನು ರಜೆ ಹಾಕಿದ ದಿನ ಊಟ ಬಿಟ್ಟು ಕೂರುತ್ತದೆ, ಹಾಗೆ ಕೂತು ಸತ್ತದ್ದೂ ಉಂಟು. ಗಿಡ್ಡಿ ಮನುಷ್ಯರಿಗೆ ಅಂಟದೆ ಕಂಬಳಿಗೆ ಅಂಟಿಕೊಂಡದ್ದು ನೋಡಿ ಸಿಳ್ಳೆಯಣ್ಣನಿಗೆ ಸಮಾಧಾನವೇ ಆಗಿತ್ತು.

"ಒಳ್ಳೇದೇ ಆಯ್ತು ಬಿಡ್ರೋ," ಎಂದಿದ್ದ ತನ್ನವರಿಗೆ. "ಕಂಬಳಿ ಏನು ರಜೆ ಹಾಕುತ್ತಾ?"

ಆ ಕಂಬಳಿಯನ್ನು ಒಗೆಯಲು ಕೊಡಬೇಡಿ ಎಂದು ಅವನು ಕೊಟ್ಟಿಗೆಯವರಿಗೆಲ್ಲ ಹೇಳಿದ. ಒಗೆಯುವವಳಿಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳುವ ಧೈರ್ಯವೇ ಇರಲಿಲ್ಲ ಅನ್ನಿ. ಸೋಪಕ್ಕನ ಎದುರು ನಿಂತು 'ಇದೊಂದು ಕೊಳೆಯಾಗಿಯೇ ಇರಲಿ' ಎನ್ನುವುದಕ್ಕಿಂತ ಗಂಡಾನೆಯ ಎದುರು ನಿಲ್ಲುವುದು ಮೇಲು ಎಂದು ಅವರಿಗೆಲ್ಲ ಅನಿಸಿತ್ತು. ಸೋಮವಾರ, ಗುರುವಾರ ಅವಳು ಗಾಡಿ ತಳ್ಳಿಕೊಂಡು ಕಂಬಳಿ ಒಟ್ಟುಮಾಡಲು ಬಂದಾಗ ಆ ಕಂದು ಕಂಬಳಿಯನ್ನು ಹುಲ್ಲಿನ ರಾಶಿಯ ಹಿಂದೆ ತುರುಕಿ, ಗಿಡ್ಡಿಯ ಹಗ್ಗಕ್ಕೆ ಬೂದು ಕಂಬಳಿ ಹಾಕಿ ಸಾಧುಗಳ ಹಾಗೆ ನಿಲ್ಲುತ್ತಿದ್ದರು. ಒಂದೆರಡು ಸಲ ಅವಳ ಮೂಗು ಚುರುಕಾಯಿತು.

"ಏನೋ ನಾರ್ತಾ ಇದೆಯಲ್ಲ ಇಲ್ಲಿ?"

"ಆನೆ ಅಕ್ಕಾ, ಆನೆ ಮರಿ. ಇನ್ನೇನು ಮಲ್ಲಿಗೆ ಘಮ ಬರುತ್ತಾ?" ಎಂದು ಸಿಳ್ಳೆಯಣ್ಣ ನಗಿಸಿ ಕಳಿಸಿದ್ದ. ಈ ಸೋಂಬೇರಿಗಳು ಏನೋ ಮುಚ್ಚಿಡುತ್ತಿದ್ದಾರೆ ಎಂದು ಅವಳಿಗೆ ಗೊತ್ತು, ಯಾಕೆ ಎಂದು ಗೊತ್ತಿಲ್ಲ. ಅವಳಿಗೆ ಎಲ್ಲ ಗೊತ್ತಿರಬೇಕು, ಗೊತ್ತಿದ್ದೂ ನೋಡದ ಹಾಗೆ ಹೋಗುತ್ತಿದ್ದಾಳೆ ಎಂದು ಅವರು ಅಂದುಕೊಂಡರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಎರಡು ತಿಂಗಳು ಹೀಗೇ ನಡೆಯಿತು, ಗಿಡ್ಡಿ ದುಂಡಗಾಯಿತು.

ಆಮೇಲೆ ಮರಿಗಳಿಗೆ ಭೇದಿ ಶುರುವಾಯಿತು. ಮೊದಲು ಒಂದು, ಎರಡು ದಿನದಲ್ಲಿ ಮೂರು. ಆನೆಮರಿಗೆ ಭೇದಿ ಎಂದರೆ ಹುಡುಗಾಟವಲ್ಲ, ನೋಡುನೋಡುತ್ತಿದ್ದಂತೆ ಒಣಗಿಹೋಗುತ್ತದೆ. ಡಾಕ್ಟರಮ್ಮ ಕಣ್ಣಿಗೆ ನಿದ್ದೆಯಿಲ್ಲದೆ ಓಡಾಡುತ್ತಿದ್ದವಳು ಬೆಳಿಗ್ಗೆ ಒಗೆಯುವ ಮನೆಯ ಬಾಗಿಲಿಗೇ ಬಂದಳು.

"ಸೋಪಕ್ಕಾ, ಒಂದು ಕಂಬಳೀನೂ ಬಿಡಬೇಡಿ. ಪ್ರತಿಯೊಂದೂ ಕುದೀಬೇಕು. ಇವತ್ತು ನೀವೇ ನನ್ನ ದೊಡ್ಡ ಔಷಧಿ."

ಇಷ್ಟು ದೊಡ್ಡ ಮಾತನ್ನು ಆ ಜಾಗದಲ್ಲಿ ಅವಳಿಗೆ ಯಾರೂ ಆಡಿರಲಿಲ್ಲ. ಅವಳ ಎದೆ ಉಬ್ಬಿತು. ಸಿಳ್ಳೆಯಣ್ಣ ಅವತ್ತು ಇರಲಿಲ್ಲ. ದವಡೆ ಹಲ್ಲು ಕೀಳಿಸಿಕೊಳ್ಳಲು ಪಟ್ಟಣಕ್ಕೆ ಹೋದವನು ಎರಡು ದಿನ ಬರುವಂತಿರಲಿಲ್ಲ. ಉಳಿದವರೆಲ್ಲ ಮರಿಗಳನ್ನು ಮಣ್ಣಿನ ಸ್ನಾನಕ್ಕೆ ಹೊಡೆದುಕೊಂಡು ಹೋಗಿದ್ದರು. ಸೋಪಕ್ಕ ಖಾಲಿ ಕೊಟ್ಟಿಗೆಗಳನ್ನು ಒಂದೊಂದಾಗಿ ಜಾಲಾಡಿದಳು. ಅವತ್ತು ಗುರುವಾರ. ಗಿಡ್ಡಿಯ ಕೊಟ್ಟಿಗೆಯಲ್ಲಿ ಹುಲ್ಲಿನ ರಾಶಿ ಸರಿಸಿದಾಗ ಆ ಕಂಬಳಿ ಸಿಕ್ಕಿತು. ಎರಡು ತಿಂಗಳ ಹಾಲು, ಜೊಲ್ಲು, ಲದ್ದಿ ಸೇರಿ ತೊಗಲಿನ ಹಾಗೆ ಗಟ್ಟಿಯಾಗಿತ್ತು. ಎತ್ತಿ ಹಿಡಿದರೆ ತಾನೇ ನಿಲ್ಲುವಂತಿತ್ತು.

"ಸಿಕ್ಕಿಬಿದ್ದೆಯಾ ಕಳ್ಳ!" ಎಂದಳು ಅವಳು ಕಂಬಳಿಗೆ.

ಭೇದಿಯ ಮೂಲವನ್ನೇ ಹಿಡಿದೆ ಎಂದು ಅವಳಿಗೆ ಅನಿಸಿದ್ದರಲ್ಲಿ ತಪ್ಪೇನಿತ್ತು? ಆಸ್ಪತ್ರೆಯಲ್ಲಿ ಕಲಿತವಳು ಯಾರೇ ಆಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಳು. ಉಳಿದವಕ್ಕೆ ನಾಲ್ಕು ನೀರಾದರೆ ಇದನ್ನು ಎರಡೆರಡು ಸಲ ಕುದಿಸಿದಳು. ಬಿಸಿಲಿಗೆ ಹಾಕಿ, ಮಗುಚಿ ಹಾಕಿ ಒಣಗಿಸಿದಳು. ಹರಿದಿದ್ದ ಅಂಚಿಗೆ ತೇಪೆ ಹಾಕಿದಳು. ಮೂಲೆಯಲ್ಲಿ ಕೆಂಪು ದಾರದಲ್ಲಿ ಹದಿಮೂರು ಎಂದು ಹೊಲಿದಳು. ಕಂದು ಎಂದುಕೊಂಡಿದ್ದ ಕಂಬಳಿಯಲ್ಲಿ ಹಳದಿ ಪಟ್ಟೆಗಳಿದ್ದದ್ದು ಆಗಲೇ ಗೊತ್ತಾದದ್ದು. ಹದಿನಾಲ್ಕು ವರ್ಷದಲ್ಲಿ ಇಷ್ಟು ಚೆನ್ನಾಗಿ ತಾನು ಏನನ್ನೂ ಒಗೆದಿಲ್ಲ ಎಂದು ಅವಳಿಗೇ ಅನಿಸಿತು. ಸಂಜೆ ತಾನೇ ಹೋಗಿ ಹಗ್ಗಕ್ಕೆ ಹಾಕಿ ಬಂದಳು.

ಮರುದಿನ ಬೆಳಿಗ್ಗೆ ಅವಳು ಬರುವಾಗ ಗಿಡ್ಡಿಯ ಕೊಟ್ಟಿಗೆಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಮರಿ ಕಂಬಳಿಯ ಹತ್ತಿರ ಹೋಗುತ್ತಿತ್ತು, ಸೊಂಡಿಲಿನ ತುದಿಯಿಂದ ಮೇಲಿಂದ ಕೆಳಗಿನವರೆಗೆ ಮೂಸುತ್ತಿತ್ತು, ಹಿಂದೆ ಸರಿಯುತ್ತಿತ್ತು. ಆಮೇಲೆ ಹುಲ್ಲಿನ ರಾಶಿಯ ಹಿಂದೆ ಹೋಗಿ ಹುಡುಕುತ್ತಿತ್ತು. ಬಾಟಲಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಿನ್ನೆ ಸಂಜೆಯಿಂದ ಒಂದು ಗುಟುಕೂ ಇಳಿದಿಲ್ಲ ಎಂದರು. ಸೋಪಕ್ಕನನ್ನು ಕಂಡು ಎಲ್ಲರೂ ಸರಿದು ದಾರಿ ಬಿಟ್ಟರು.

ಸುದ್ದಿ ಕೇಳಿ ಸಿಳ್ಳೆಯಣ್ಣ ಒಂದು ದಿನ ಮೊದಲೇ, ಅವತ್ತು ಮಧ್ಯಾಹ್ನವೇ ಬಂದ. ಕೆನ್ನೆ ಊದಿತ್ತು, ಬಾಯಿಗೆ ಹತ್ತಿ ತುರುಕಿತ್ತು. ಅವನಿಗೆ ಸಿಳ್ಳೆ ಹೊಡೆಯಲು ಬರುತ್ತಿರಲಿಲ್ಲ, ಮರಿಗಳು ಅವನನ್ನು ಗುರುತೇ ಇಲ್ಲವೆಂಬಂತೆ ನೋಡಿದವು. ಅವನು ಕಂಬಳಿಯ ಅಂಚು ಹಿಡಿದು ಮೂಗಿನ ಹತ್ತಿರ ತಂದ. ಹಳದಿ ಪಟ್ಟೆ ನೋಡಿದ. ಕೆಂಪು ಹದಿಮೂರು ನೋಡಿದ.

"ಒಗೆದ್ರಾ ಅಕ್ಕಾ?"

"ಒಗೆದೆ. ಎರಡೆರಡು ಸಲ ಕುದಿಸಿ ಒಗೆದೆ," ಎಂದಳು ಅವಳು. ಆ ಹೊತ್ತಿಗೂ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆ ಉಳಿದಿತ್ತು.

ಅವನು ಕೆನ್ನೆ ಹಿಡಿದುಕೊಂಡು, ಒಂದೊಂದೇ ಮಾತಾಗಿ, ಲಾರಿಯಿಂದ ಹಿಡಿದು ಹುಲ್ಲಿನ ರಾಶಿಯವರೆಗೆ ಎಲ್ಲ ಹೇಳಿದ. ಬೈಯಲಿಲ್ಲ. ಕೇಳುತ್ತಾ ಕೇಳುತ್ತಾ ಸೋಪಕ್ಕನಿಗೆ ಅರ್ಥವಾಯಿತು. ಅವಳು ಒಗೆದು ಕಳೆದದ್ದು ಕೊಳೆಯನ್ನಲ್ಲ, ಆ ಮರಿಗೆ ಉಳಿದಿದ್ದ ಒಬ್ಬಳೇ ತಾಯಿಯನ್ನು. ಕುದಿಸಿ, ಹಿಂಡಿ, ಮೋರಿಗೆ ಚೆಲ್ಲಿದ್ದಳು.

"ನನಗೊಂದು ಮಾತು ಹೇಳಬಾರದಿತ್ತಾ ಅಣ್ಣಾ?"

"ಹೇಳಬೇಕಿತ್ತು," ಎಂದ ಸಿಳ್ಳೆಯಣ್ಣ. "ನಿಮ್ಮ ಬಾಯಿಗೆ ಹೆದರಿ ಹೇಳ್ಲಿಲ್ಲ ನೋಡಿ. ನಮ್ಮದೇ ತಪ್ಪು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ದಿನಗಳಲ್ಲಿ ಎಲ್ಲರ ತಲೆಯಲ್ಲೂ ಬುದ್ಧಿಯ ಒಲೆಗಳು ಧಗಧಗ ಉರಿದವು. ಒಬ್ಬ ಕಂಬಳಿಯನ್ನು ಮಣ್ಣಿನಲ್ಲಿ ಹೊರಳಿಸಿ ತಂದ. ಒಬ್ಬ ಲದ್ದಿ ಮೆತ್ತಿದ. ಇನ್ನೊಬ್ಬ ಡೀಸೆಲ್ ಹನಿಸಿದ. ಗಿಡ್ಡಿಯ ಬೆನ್ನಿಗೇ ಅದನ್ನು ತಿಕ್ಕಿ ತಂದು ಕಟ್ಟಿದರು. ಮರಿ ಪ್ರತಿಸಲವೂ ಆಸೆಯಿಂದ ಬಂದು ಮೂಸುತ್ತಿತ್ತು, ಪ್ರತಿಸಲವೂ ಹಿಂದೆ ಸರಿಯುತ್ತಿತ್ತು. ಲಾರಿಯವನನ್ನು ಫೋನು ಮಾಡಿ ಕರೆಸಿದರು. ಪಾಪ, ಅವನು ಅರ್ಧ ದಿನದ ದಾರಿ ಬಿಟ್ಟು ಬಂದ. ಹಳೆಯ ಸೀಟಿನ ಕವರು, ಟವೆಲು, ತಾನು ಹಾಕಿಕೊಂಡಿದ್ದ ಅಂಗಿ ಎಲ್ಲವನ್ನೂ ಒಂದೊಂದಾಗಿ ಹಗ್ಗಕ್ಕೆ ಹಾಕಿ ಕೊನೆಗೆ ಬರಿ ಮೈಯಲ್ಲಿ ನಿಂತ. ಗಿಡ್ಡಿ ಅಂಗಿಯನ್ನು ತುಸು ಹೊತ್ತು ಮೂಸಿತು, ಅಷ್ಟೇ. ಲಾರಿಯವನು ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡು ಹೊರಟುಹೋದ.

ಸೋಪಕ್ಕ ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತಳು.

"ನನ್ನ ಕೆಲಸದಿಂದ ತೆಗೆದುಬಿಡಿ."

ಡಾಕ್ಟರಮ್ಮ ಗ್ಲೂಕೋಸಿನ ನಳಿಕೆಗೆ ಸೂಜಿ ಸಿಕ್ಕಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಒಂದನ್ನೂ ಬಿಡಬೇಡಿ ಅಂತ ಹೇಳಿದ್ದು ನಾನು. ನನ್ನ ಯಾರು ತೆಗೀತಾರೆ?"

"ಅದು ಹಾಗಲ್ಲ ಡಾಕ್ಟರಮ್ಮ..."

"ಕೇಳಿ ಇಲ್ಲಿ. ನೀವು ಕುದಿಸಿದ್ದಕ್ಕೆ ಭೇದಿ ನಿಂತಿದೆ. ಆ ಮೂರೂ ಎದ್ದು ಓಡಾಡ್ತಾ ಇವೆ. ಹೊಸದಾಗಿ ಒಂದಕ್ಕೂ ಬಂದಿಲ್ಲ. ನೀವು ತಪ್ಪು ಮಾಡಿದ್ರಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಯಾರಾದರೂ ಬೈದಿದ್ದರೆ ಸೋಪಕ್ಕನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಎದುರು ಮಾತಾಡಬಹುದಿತ್ತು, ಜಗಳ ಕಾಯಬಹುದಿತ್ತು, ಅದರಲ್ಲಿ ಅವಳು ಯಾರಿಗೂ ಕಡಿಮೆಯಲ್ಲ. ಯಾರೂ ಬೈಯಲಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ "ಊಟ ಆಯ್ತಾ ಅಕ್ಕಾ?" ಎಂದು ಮೆತ್ತಗೆ ಕೇಳಿ ಮುಂದೆ ಹೋಗುತ್ತಿದ್ದರು. ಆ ಮೆತ್ತನೆಯ ಮಾತು ಅವಳಿಗೆ ಗಾಯದ ಮೇಲೆ ಬರೆ ಎಳೆದ ಹಾಗಾಗುತ್ತಿತ್ತು.

ನಾಲ್ಕನೆಯ ದಿನ ಗಿಡ್ಡಿ ನಿಲ್ಲುವುದನ್ನು ಕಡಿಮೆ ಮಾಡಿತು. ಕಿವಿಯ ನರಕ್ಕೆ ಗ್ಲೂಕೋಸು ಇಳಿಯುತ್ತಿತ್ತು. ಗಂಟಲಿಗೆ ನಳಿಕೆ ತೂರಿಸಿ ಹಾಲು ಹಾಕಬಹುದಲ್ಲ ಎಂದು ಸೋಪಕ್ಕ ಕೇಳಿದಳು. ಇಷ್ಟು ನಿತ್ರಾಣದಲ್ಲಿ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕ್ಕೆ ಹೋದರೆ ಅಲ್ಲಿಗೇ ಮುಗಿಯಿತು ಎಂದಳು ಡಾಕ್ಟರಮ್ಮ. ಸೋಪಕ್ಕ ಮಧ್ಯಾಹ್ನದ ಬಿಡುವಿನಲ್ಲಿ ಬಂದು ಮರಿಯ ಪಕ್ಕ ಹುಲ್ಲಿನ ಮೇಲೆ ಕೂರತೊಡಗಿದಳು. ಸುಮ್ಮನೆ ಕೂರುವುದು ಅವಳ ಕೈಗಳಿಗೆ ಅಭ್ಯಾಸವಿರಲಿಲ್ಲ. ಅವು ತೊಡೆಯ ಮೇಲೆ ಬಿದ್ದು ಒಂದನ್ನೊಂದು ತಿಕ್ಕುತ್ತಿದ್ದವು. ಬಕೆಟ್ಟು ಅಲ್ಲಿದೆ, ನೀರಿದೆ, ಸೋಪಿದೆ, ಜಗತ್ತಿನ ಯಾವ ಕೊಳೆಯನ್ನು ಬೇಕಾದರೂ ಅವಳು ತೆಗೆಯಬಲ್ಲಳು. ತೆಗೆದದ್ದನ್ನು ಮತ್ತೆ ಹಾಕಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಅವತ್ತು ಕೆಲಸಕ್ಕೆ ಹಾಕುವ ನೀಲಿ ಕೋಟನ್ನು ಅವಳು ಒಗೆಯಲಿಲ್ಲ. ಮರುದಿನ ಅದನ್ನೇ ಹಾಕಿಕೊಂಡು ಬಂದಳು. ಅದರ ಮರುದಿನವೂ ಅದೇ ಕೋಟು. ಗಿಡ್ಡಿಯ ಪಕ್ಕ ಕೂರುವಾಗ ಆ ಕೋಟನ್ನು ಅದರ ಬೆನ್ನಿಗೆ, ಬಾಯಿಗೆ, ಹುಲ್ಲಿಗೆ ತಿಕ್ಕಿಕೊಳ್ಳುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ತನ್ನ ಮೇಲೆ ಕೊಳೆ ಕೂಡಿಸುವುದೊಂದೇ ಅವಳಿಗೆ ತೋಚಿದ ದಾರಿ.

ಸಂಜೆ ಮನೆಗೆ ಬಂದಾಗ ಅತ್ತೆ ಮೂಗು ಮುಚ್ಚಿಕೊಂಡರು. "ಏನೇ ಇದು ವಾಸನೆ? ನಿನ್ನಿಂದ್ಲಾ? ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಎಂದು ಶುರುಮಾಡಿದವರು ಸೊಸೆಯ ಮುಖ ನೋಡಿ ನಡುವೆಯೇ ನಿಲ್ಲಿಸಿದರು. ಅವಳು ಗೋಡೆಗೆ ಒರಗಿ ಎಲ್ಲ ಹೇಳಿದಳು. ಅತ್ತೆ ಮೂಗಿನಿಂದ ಕೈ ತೆಗೆದು, "ಹೋಗಲಿ, ಆ ಕೋಟನ್ನ ಒಳಗೇ ತಗುಲಿ ಹಾಕು. ಹೊರಗೆ ಗಾಳಿಗೆ ವಾಸನೆ ಹೋಗಿಬಿಟ್ಟೀತು," ಎಂದರು. ಗಂಡ ಅವತ್ತೂ ಹಿತ್ತಿಲ ಬಾಗಿಲಲ್ಲೇ ಗ್ರೀಸಿನ ಬಟ್ಟೆ ಕಳಚಿ ಬಂದ. ತನ್ನ ಅಂಗಿ ಹಾಕುವ ಮೊಳೆಗೆ ಆ ಕೋಟು ನೇತುಬಿದ್ದದ್ದನ್ನು ನೋಡಿ ಅಂಗಿಯನ್ನು ಕುರ್ಚಿಯ ಮೇಲೆ ಇಟ್ಟ.

ಆರನೆಯ ದಿನ ಮಧ್ಯಾಹ್ನ ಗಿಡ್ಡಿ ಸೊಂಡಿಲೆತ್ತಿ ಅವಳ ಕೋಟಿನ ಮೇಲೆ ಇಟ್ಟಿತು. ಎದೆಯಿಂದ ಹೊಟ್ಟೆಯವರೆಗೆ ನಿಧಾನವಾಗಿ ಮೂಸಿತು. ಆಮೇಲೆ ಹಣೆಯನ್ನು ಆನಿಸಿತು. ಸೋಪಕ್ಕ ಮೈ ಅಲುಗಿಸದೆ, ಕೈ ಮಾತ್ರ ಆಡಿಸಿ, ಸಿಳ್ಳೆಯಣ್ಣನನ್ನು ಕರೆದಳು. ಅವನು ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ಅವಳ ತೋಳಿನ ಕೆಳಗಿನಿಂದ ಬಾಟಲಿ ಚಾಚಿದ. ಮರಿ ತೊಟ್ಟನ್ನು ಬಾಯಿಗೆ ತೆಗೆದುಕೊಂಡಿತು. ಬಿಟ್ಟಿತು. ಮತ್ತೆ ತೆಗೆದುಕೊಂಡಿತು. ಗುಟುಕು ಇಳಿಯುವ ಸದ್ದು ಕೇಳಿದಾಗ ಬಾಗಿಲಲ್ಲಿ ನಿಂತಿದ್ದವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಅರ್ಧ ಬಾಟಲಿ ಖಾಲಿಯಾಯಿತು.

"ಕುಡೀತು ಅಕ್ಕಾ," ಎಂದ ಸಿಳ್ಳೆಯಣ್ಣ, ಅವಳೇನೋ ನೋಡಿಲ್ಲವೆಂಬಂತೆ. "ಕುಡೀತು!"

ಅವತ್ತು ಅವಳಷ್ಟು ಸುಖಿ ಇನ್ನೊಬ್ಬಳು ಇರಲಿಲ್ಲ. ಹಾಗೇ ಕೂತಲ್ಲೇ ಕೂತು ಮುಂದಿನ ಸರದಿಗೂ ಕುಡಿಸಿದಳು. ಆ ಸಲ ಕಾಲು ಬಾಟಲಿ. ಒಬ್ಬರಿಗೇ ಅಂಟಬಾರದು ಎಂಬ ಕಟ್ಟುನಿಟ್ಟಿನ ಮಾತನ್ನು ಯಾರೂ ಎತ್ತಲಿಲ್ಲ. ತಾನು ಪಕ್ಕದಲ್ಲಿದ್ದಾಗ ಕುಡಿಯುವುದಾದರೆ ಜೀವಮಾನವಿಡೀ ಇಲ್ಲೇ ಕೂರುತ್ತೇನೆ, ಅದೇನು ಮಹಾ, ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟಿದ್ದಳು. ಮಲಗುವುದಕ್ಕೆ ಒಂದು ಚಾಪೆ ಸಾಕು. ಗಂಡನಿಗೂ ಅತ್ತೆಗೂ ಹೇಗೋ ಹೊಂದಿಸಿದರಾಯಿತು.

ಏಳನೆಯ ದಿನ ನಾಲ್ಕು ಗುಟುಕು. ಎಂಟನೆಯ ದಿನ ಮರಿ ಸೊಂಡಿಲನ್ನು ಅವಳ ಕೋಟಿನ ಮೇಲೆ ಇಟ್ಟುಕೊಂಡಿತು, ಬಾಟಲಿಗೆ ಬಾಯಿ ತೆರೆಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ಇರಬೇಕು, ಇಲ್ಲಿ ತುತ್ತು ಬಾಯಿಯವರೆಗೂ ಬಂದಿತ್ತು. ನಡುವಿನ ಆರು ದಿನದ ಹಸಿವು ಒಳಗೆ ಏನೇನನ್ನು ಕೆಡಿಸಿತ್ತೋ. ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ತುಂಬ ಹೊತ್ತು ಕೇಳಿದಳು.

"ಕಂಬಳಿಯಿಂದ್ಲೇ ಹೀಗಾಯ್ತು ಅಂತ ಹೇಳೋಕಾಗಲ್ಲ ಸೋಪಕ್ಕಾ," ಎಂದಳು. ಒಳ್ಳೆಯ ಹೆಂಗಸು, ಸುಳ್ಳು ಹೇಳಲು ಬಾರದವಳು. ಕೊಳವೆಯನ್ನು ಮಡಿಸಿಡುತ್ತಾ, "ಅಲ್ಲ ಅಂತಾನೂ ಹೇಳೋಕಾಗಲ್ಲ," ಎಂದಳು.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಗಿಡ್ಡಿ ಸತ್ತಿತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ಗಾದೆ ಕಟ್ಟಿದವನು ಇಂಥ ಮರಿಯನ್ನು ಕಂಡಿರಲಿಕ್ಕಿಲ್ಲ. ಅದಕ್ಕೆ ದಂತವೂ ಇರಲಿಲ್ಲ, ಏನೂ ಇರಲಿಲ್ಲ. ಸೋಪಕ್ಕನ ತೊಡೆಯ ಮೇಲಿದ್ದ ಸೊಂಡಿಲು ಭಾರವಾಯಿತು, ಅವಳಿಗೆ ಗೊತ್ತಾದದ್ದು ಹಾಗೆ. ಅವಳು ಅಳಲಿಲ್ಲ. ಕಾಲು ಜೋಮು ಹಿಡಿದಿತ್ತು, ಏಳಲು ಇಬ್ಬರು ಕೈ ಕೊಡಬೇಕಾಯಿತು. ಹೊರಗೆ ಸಿಳ್ಳೆಯಣ್ಣ ಉಳಿದ ಮರಿಗಳನ್ನು ದೂರ ಕರೆದುಕೊಂಡು ಹೋಗಲೆಂದು ಸಿಳ್ಳೆ ಹೊಡೆದ. ಹಲ್ಲಿನ ಗಾಯ ಮಾಗಿತ್ತು, ಆದರೂ ಸಿಳ್ಳೆ ಸರಿಯಾಗಿ ಹೊರಡಲಿಲ್ಲ. ಹನ್ನೆರಡೂ ಮರಿಗಳು ಹೇಗೋ ಅರ್ಥಮಾಡಿಕೊಂಡು ಅವನ ಹಿಂದೆ ಹೋದವು.

ಮಧ್ಯಾಹ್ನ ಒಗೆಯುವ ಮನೆಗೆ ಕಂಬಳಿಯ ಗಾಡಿ ಬಂತು. ಸತ್ತ ಮರಿಯ ಕೊಟ್ಟಿಗೆಯಿಂದ ಬಂದದ್ದೆಲ್ಲ ಅವತ್ತೇ ಕುದಿಯಬೇಕು ಎಂಬುದು ಅಲ್ಲಿನ ಪದ್ಧತಿ, ಅದನ್ನು ಮಾಡಿಸಿದ್ದೂ ಸೋಪಕ್ಕನೇ. ಗಾಡಿಯಲ್ಲಿ ನಾಲ್ಕು ಬೂದು ಕಂಬಳಿಗಳ ಮೇಲೆ ಆ ಕಂದು ಕಂಬಳಿ ಇತ್ತು. ಒಂಬತ್ತು ದಿನ ಮಣ್ಣು, ಲದ್ದಿ, ಡೀಸೆಲ್ ಎಲ್ಲ ಮೆತ್ತಿದ್ದರಿಂದ ಹಳದಿ ಪಟ್ಟೆಗಳು ಮತ್ತೆ ಮುಚ್ಚಿಹೋಗಿದ್ದವು. ಮರಿ ಎಷ್ಟು ಸಲ ಬಂದು ಮೂಸಿ ಹೋಗಿತ್ತೋ ಅಷ್ಟು ಸಲದ ಜೊಲ್ಲು ಅಂಚಿನಲ್ಲಿ ಒಣಗಿ ಬಿಳಿಯ ಗೆರೆಯಾಗಿತ್ತು. ಅವಳು ಕೋಟು ಕಳಚಿ ಅದರ ಪಕ್ಕ ಇಟ್ಟಳು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಕಂಬಳಿಯನ್ನು ಎತ್ತಿಕೊಂಡು ಮೂಗಿಗೆ ಒತ್ತಿಕೊಂಡಳು. ನಾರುತ್ತಿತ್ತು. ಹದಿನಾಲ್ಕು ವರ್ಷದಲ್ಲಿ, ಅದಕ್ಕೂ ಹಿಂದಿನ ಆಸ್ಪತ್ರೆಯ ವರ್ಷಗಳಲ್ಲಿ, ಒಂದು ಬಟ್ಟೆ ಹೀಗೇ ನಾರುತ್ತಾ ಇರಲಿ ಎಂದು ಅವಳಿಗೆ ಅನಿಸಿದ್ದು ಅದೇ ಮೊದಲು. ಮನೆಗೆ ಒಯ್ದು ಪೆಟ್ಟಿಗೆಯ ತಳದಲ್ಲಿ ಇಟ್ಟುಬಿಡಲೇ ಎಂದೂ ಅನಿಸಿತು. ಯಾರೂ ಕೇಳುತ್ತಿರಲಿಲ್ಲ.

ಕಂಬಳಿಯನ್ನು ಎದೆಗವಚಿಕೊಂಡು ಅವಳು ಅಂಗಳ ದಾಟಿ ಹೋದಳು. ಸಿಳ್ಳೆಯಣ್ಣ ಗಿಡ್ಡಿಯ ಖಾಲಿ ಕೊಟ್ಟಿಗೆಯ ಕಂಬಗಳಿಂದ ಹಗ್ಗ ಬಿಚ್ಚುತ್ತಿದ್ದ.

"ಅಣ್ಣಾ," ಎಂದಳು. "ಇದನ್ನ ಒಗೀಲಾ?"

ಸೋಪಕ್ಕ ಇಂಥ ಪ್ರಶ್ನೆ ಕೇಳುತ್ತಾಳೆಂದು ಅವನು ಕನಸಿನಲ್ಲೂ ನೆನೆಸಿರಲಿಲ್ಲ. ಬಿಚ್ಚಿದ ಹಗ್ಗವನ್ನು ಕೈಗೆ ಸುತ್ತಿಕೊಂಡ. ಬೇಡ ಎಂದು ಹೇಳಲು ಅವನಿಗೆ ಎಷ್ಟು ಆಸೆಯಾಯಿತೋ ಅವನಿಗೇ ಗೊತ್ತು. ಅಷ್ಟರಲ್ಲಿ ಮಣ್ಣಿನ ಗುಂಡಿಯ ಕಡೆಯಿಂದ ಯಾವುದೋ ಮರಿ ಹಾಲಿಗಾಗಿ ಕೂಗಿತು, ಅದರ ಹಿಂದೆ ಇನ್ನೊಂದು.

"ಒಗೀಬೇಕಲ್ಲ ಅಕ್ಕಾ," ಎಂದ ಅವನು, ಅವಳ ಕಡೆ ನೋಡದೆ. "ಅವು ಹನ್ನೆರಡು ಇವೆ."

ಅವಳು ತಲೆಯಾಡಿಸಿ ಹಿಂದಿರುಗಿದಳು. ಕಂಬಳಿಯನ್ನೂ ಕೋಟನ್ನೂ ಮೊದಲು ತಣ್ಣೀರಿಗೆ ಹಾಕಿದಳು, ನೀರು ಕೆಂಪಾಯಿತು. ಆಮೇಲೆ ಕುದಿನೀರು. ಆಮೇಲೆ ತಿಳಿನೀರು. ಯಾವುದರಲ್ಲೂ ಕಳ್ಳತನ ಮಾಡಲಿಲ್ಲ, ಯಾವತ್ತು ಎಷ್ಟು ತಿಕ್ಕುತ್ತಿದ್ದಳೋ ಅಷ್ಟೇ ತಿಕ್ಕಿದಳು. ಹಳದಿ ಪಟ್ಟೆಗಳು ಮೇಲೆದ್ದು ಬಂದವು. ಔಷಧಿ ನೀರಿಗೆ ಹಾಕುವ ಮೊದಲು ಹಿಂಡಿದ ಕಂಬಳಿಯನ್ನು ಇನ್ನೊಂದು ಸಲ ಮೂಗಿನ ಹತ್ತಿರ ತಂದಳು. ಸೋಪಿನ ವಾಸನೆ ಬರುತ್ತಿತ್ತು. ಅದನ್ನು ಬಿಟ್ಟರೆ ಇನ್ನೇನೂ ಇರಲಿಲ್ಲ.